ಕರುಳಿನ ಸೋರಿಕೆ, ಹೃದಯಕ್ಕೆ ಪೆಟ್ಟು

ಎಚ್‌ಐವಿ ಹತೋಟಿಯಲ್ಲಿದ್ದರೂ ಹೃದಯಾಘಾತದ ಅಪಾಯ ಉಳಿದವರಿಗಿಂತ ಹೆಚ್ಚೇ. ಯಾಕೆ ಗೊತ್ತಾ? ಈ ವೈರಸ್ ಶುರುವಿನಲ್ಲೇ ಕರುಳಿನ ಸಿಡಿ4 ಕಣಗಳನ್ನು ಹಾಳು ಮಾಡುತ್ತೆ. ಗೋಡೆ ಸಡಿಲವಾಗಿ ಅಲ್ಲಿನ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಜಿನುಗುತ್ತವೆ. (ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ, ಫೈರ್‌ವಾಲ್‌ಗೇ ತೂತು!) ಉರಿಯೂತ ಆರೋದೇ ಇಲ್ಲ, ಒಳ್ಳೆ ಕೊಲೆಸ್ಟ್ರಾಲ್ ಇಳಿಯುತ್ತೆ, ಟ್ರೈಗ್ಲಿಸರೈಡ್ ಏರುತ್ತೆ. ಎಆರ್‌ಟಿ ಮಾತ್ರೆ ವೈರಸ್ಸನ್ನು ಅಡಗಿಸಿದರೂ ಸೋರಿಕೆ ಪೂರ್ತಿ ನಿಲ್ಲೋದಿಲ್ಲ.

2023ರಲ್ಲಿ ಪ್ರಕಟವಾದ ರಿಪ್ರೀವ್ ಅಧ್ಯಯನದಲ್ಲಿ ಭಾರತವೂ ಸೇರಿ 12 ದೇಶಗಳ 7,769 ಎಚ್‌ಐವಿ ಸೋಂಕಿತರಿದ್ದರು, 40ರಿಂದ 75 ವಯಸ್ಸಿನವರು. ದಿನಕ್ಕೆ 4 ಮಿಲಿಗ್ರಾಂ ಪಿಟವಾಸ್ಟಾಟಿನ್ ತಗೊಂಡವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆ ಸುಮಾರು 35% ಕಡಿಮೆ!

ಹಾಗಂತ ಮೆಡಿಕಲ್ ಶಾಪಿಗೆ ಓಡಬೇಡಿ. ಕೊಬ್ಬಿಳಿಸುವ ಎಲ್ಲ ಮಾತ್ರೆಯೂ ಒಂದೇ ಅಲ್ಲ. ರಿಟೊನಾವಿರ್ ನುಂಗುವವರಿಗೆ ಸಿಮ್ವಾಸ್ಟಾಟಿನ್ ಕೊಡಲೇಬಾರದು. 40 ದಾಟಿದ್ದರೆ ನಿಮ್ಮ ಎಆರ್‌ಟಿ ಕೇಂದ್ರದ ಡಾಕ್ಟರನ್ನೇ ಕೇಳಿ.