ಅಗ್ಗಿಷ್ಟಿಕೆಯೂ ಮುಚ್ಚಿದ ಬಾಗಿಲೂ

ಪೌಷಮಾಸ ಬಂದೊಡನೆ ಜಾದವ್‌ಪುರದ ನಮ್ಮ ಬೀದಿಯಲ್ಲಿ ಮಂಕಿ ಟೋಪಿಗಳು ಹೊರಬರುತ್ತವೆ. ಇಲ್ಲಿಯ ಚಳಿಗೆ ಅಷ್ಟೇ ಸಾಕು. ಆದರೆ ಇದೇ ರಜೆಯಲ್ಲಿ ನಮ್ಮ ಬಂಧುಗಳನೇಕರು ಮಕ್ಕಳೊಡನೆ ಡಾರ್ಜಿಲಿಂಗ್ ಕಡೆಯ ಬೆಟ್ಟಗಳಿಗೆ ಹೊರಡುತ್ತಾರೆ. ಅಲ್ಲಿಯ ಚಳಿ ಬೇರೆ ಜಾತಿಯದು. ಅದಕ್ಕೆ ಬೆಂಕಿಯೇ ಬೇಕೆನಿಸುತ್ತದೆ. ಆ ಬೆಂಕಿಯ ವಿಷಯವಾಗಿ ಎರಡು ಮಾತು ಹೇಳುವುದೇ ಈ ಲೇಖನದ ಉದ್ದೇಶ. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ದುಡಿಯುವವನು. ಒಂದು ರಾತ್ರಿಯ ಅನುಭವ ನನ್ನನ್ನು ಈ ವಿಷಯದ ವಿದ್ಯಾರ್ಥಿಯನ್ನಾಗಿ ಮಾಡಿತು.

ಕೆಲವು ವರ್ಷಗಳ ಹಿಂದೆ, ಡಿಸೆಂಬರಿನಲ್ಲಿ, ನಾವು ಎರಡು ಸಂಸಾರದವರು ಮಾನೆಭಂಜಂಗಿನಿಂದ ಸಂದಕ್‌ಫು ಕಡೆಗೆ ಹೊರಟಿದ್ದೆವು. ಸಂದಕ್‌ಫು ಪಶ್ಚಿಮ ಬಂಗಾಳದ ಅತ್ಯುನ್ನತ ಶಿಖರ. ಎತ್ತರ 3,636 ಮೀಟರು. ನಡುದಾರಿಯಲ್ಲಿ ಒಂದು ಹಲಗೆಮನೆಯಲ್ಲಿ ಇಳಿದುಕೊಂಡೆವು. ವಿದ್ಯುತ್ತಿನ ತಂತಿ ಇರಲಿಲ್ಲ, ಸೌರದೀಪವೊಂದಿತ್ತು. ಸಂಜೆ ಆಳು ಇದ್ದಿಲಿನ ಅಗ್ಗಿಷ್ಟಿಕೆಯನ್ನು ಕೋಣೆಯೊಳಗೆ ತಂದಿಟ್ಟನು. ನಾವಾದರೋ ಜಾಣತನದಿಂದ ಕಿಟಕಿಯ ಸಂದುಗಳಿಗೆಲ್ಲ ವೃತ್ತಪತ್ರಿಕೆ ತುರುಕಿ, ಬಾಗಿಲಡಿಗೆ ಟವೆಲು ಹಾಸಿದೆವು.

ಒಂಬತ್ತು ಗಂಟೆಯ ಸುಮಾರಿಗೆ ಮಗಳು ತಲೆನೋವೆಂದಳು. ಬಳಿಕ ವಾಂತಿ ಮಾಡಿಕೊಂಡಳು. ಎತ್ತರದ ಪರಿಣಾಮವೆಂದು ಬಗೆದು ನಾನು ಮಾತ್ರೆ ಹುಡುಕುತ್ತಿದ್ದೆ. ನನ್ನ ಹೆಂಡತಿ ಅವಳನ್ನು ಹೊರಗೆ ಕರೆದೊಯ್ದಳು. ಅರ್ಧ ಗಂಟೆಯಲ್ಲಿ ಮಗುವಿಗೆ ಹಾಯೆನಿಸಿತು. ಆಗಲೇ ಒಳಗಿದ್ದ ನಮಗೂ ತಲೆ ಭಾರವಾಗಿರುವುದು ಅರಿವಿಗೆ ಬಂದಿತು. ಸದ್ದು ಕೇಳಿ ಬಂದ ಮನೆಯ ಮುದುಕಿ ಅಗ್ಗಿಷ್ಟಿಕೆಯನ್ನು ಹೊರಗೆ ಒಯ್ದಿಟ್ಟು, ಕಿಟಕಿ ತೆರೆದು, “ಕೆಂಡವಿರುವಾಗ ಕಿಟಕಿ ಮುಚ್ಚುವುದುಂಟೇ, ಬಾಬು?” ಎಂದು ಹಿಂದಿಯಲ್ಲಿ ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ವಿಷ ಹುಟ್ಟುವ ಬಗೆ

ಇದ್ದಿಲು, ಸೌದೆ, ಸೀಮೆಎಣ್ಣೆ, ಅಡಿಗೆಯ ಅನಿಲ—ಇವೆಲ್ಲದರಲ್ಲಿಯೂ ಇಂಗಾಲವಿದೆ. ಸಾಕಷ್ಟು ಗಾಳಿ ದೊರೆತು ಪೂರ್ಣವಾಗಿ ಉರಿದರೆ ಅದು ಕಾರ್ಬನ್ ಡೈ ಆಕ್ಸೈಡ್ ಆಗುತ್ತದೆ. ಗಾಳಿ ಸಾಲದೆ ಹೋದಾಗ ಕಾರ್ಬನ್ ಮಾನಾಕ್ಸೈಡ್ ಹೆಚ್ಚಾಗಿ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಹೊಗೆಯಿಲ್ಲದೆ ಕೆಂಪಗೆ ಹೊಳೆಯುವ ಕೆಂಡವೂ ಇದನ್ನು ಧಾರಾಳವಾಗಿ ಬಿಡುತ್ತದೆ. ಹೊಗೆ ಇಲ್ಲವೆಂಬ ಧೈರ್ಯವೇ ಮೊದಲ ತಪ್ಪು.

ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಲಾಕರುಗಳನ್ನೆಲ್ಲ ಒಬ್ಬನೇ ಹಿಡಿದು, ಬೀಗದ ಕೈ ಮರಳಿಸದೆ ಕುಳಿತಂತೆ; ಆಮ್ಲಜನಕವೆಂಬ ನಿಜವಾದ ಖಾತೆದಾರ ಬಾಗಿಲಲ್ಲಿಯೇ ನಿಂತಿರುತ್ತಾನೆ. ಶುದ್ಧಗಾಳಿಯಲ್ಲಿ ಕುಳಿತರೂ ರಕ್ತದಲ್ಲಿ ಸೇರಿದ ವಿಷದ ಅರ್ಧಭಾಗ ಕಳೆಯಲು ನಾಲ್ಕೈದು ಗಂಟೆ ಬೇಕು. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು—ಇವು ಲಕ್ಷಣಗಳು. ನಿದ್ರೆಯಲ್ಲಿರುವವನಿಗೆ ಈ ಎಚ್ಚರಿಕೆಗಳೂ ತಿಳಿಯುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿ ಈ ಅನಿಲವನ್ನು ತಾವೇ ಉಸಿರಾಡಿ ಪರೀಕ್ಷಿಸಿದರು. ಗಣಿಯೊಳಗಿನ ವಿಷವನ್ನು ಅರಿಯಲು ಪುಟ್ಟ ಹಕ್ಕಿಗಳನ್ನು ಒಯ್ಯುವ ಸಲಹೆಯೂ ಅವರದೇ. ಅವರ ಮಗ ಜೆ. ಬಿ. ಎಸ್. ಹಾಲ್ಡೇನ್ 1957ರಲ್ಲಿ ನಮ್ಮ ಕೋಲ್ಕತ್ತಕ್ಕೆ ಬಂದು ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸ ಮಾಡಿದರು. ಸೈನ್ಸ್ ಸಿಟಿಯ ಬಳಿಯ ರಸ್ತೆಗೆ ಅವರದೇ ಹೆಸರಿದೆ.

ಇದು ಹಳೆಯ ಕಥೆಯಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ಗೆ ಹೋಗಿದ್ದ ಕೇರಳದ ಎಂಟು ಮಂದಿ, ಅವರಲ್ಲಿ ನಾಲ್ವರು ಮಕ್ಕಳು, ಅನಿಲದ ಹೀಟರ್ ಹಚ್ಚಿದ್ದ ಮುಚ್ಚಿದ ಕೋಣೆಯಲ್ಲಿ ಮಲಗಿ ಅಸುನೀಗಿದರು.

ನಮ್ಮ ಮನೆಗಳಲ್ಲಿಯೂ

ಊರಿನಲ್ಲಿ ಅಜ್ಜಿಯರು ಬಚ್ಚಲೊಲೆಯ ಮುಂದೆ ಚಳಿ ಕಾಯಿಸಲಿಲ್ಲವೇ, ಬಾಣಂತಿಯ ಕೋಣೆಯಲ್ಲಿ ಕೆಂಡ ಇಡಲಿಲ್ಲವೇ ಎಂದು ಕೆಲವರು ಕೇಳಬಹುದು. ನಾಡಹೆಂಚಿನ ಮಾಡಿನಲ್ಲಿ ನೂರು ಸಂದುಗಳಿದ್ದವು. ಮನೆ ತಾನೇ ಉಸಿರಾಡುತ್ತಿತ್ತು. ಆಗಲೂ ಅಪಾಯವಿರಲಿಲ್ಲವೆಂದಲ್ಲ, ಕಡಿಮೆಯಿತ್ತು. ಈಗ ತಾಯಂದಿರು ಊರಿನಿಂದ ಬಂದು ಇಲ್ಲಿಯ ಕಾಂಕ್ರೀಟ್ ಫ್ಲಾಟಿನಲ್ಲಿ, ಗಾಜಿನ ಕಿಟಕಿ ಜಡಿದು, ಅದೇ ಕೆಂಡ, ಅದೇ ಸಾಂಬ್ರಾಣಿಯಿಂದ ಬಾಣಂತನ ಮಾಡುತ್ತಾರೆ. ಎಳೆಗೂಸಿಗೆ ಇದರ ಅಪಾಯ ದೊಡ್ಡವರಿಗಿಂತ ಹೆಚ್ಚು. ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರಿಗೂ ಇದೇ ಮಾತು ಅನ್ವಯಿಸುತ್ತದೆ.

ಪಾಲಿಸಬೇಕಾದ ನಿಯಮಗಳು

1. ಮಲಗುವ ಕೋಣೆಯಲ್ಲಿ ಅಗ್ಗಿಷ್ಟಿಕೆಯನ್ನಾಗಲಿ, ಹೊಗೆಕೊಳವೆಯಿಲ್ಲದ ಅನಿಲ ಅಥವಾ ಸೀಮೆಎಣ್ಣೆ ಹೀಟರನ್ನಾಗಲಿ ಇಟ್ಟುಕೊಂಡು ನಿದ್ರಿಸಲೇಬಾರದು. ಕಿಟಕಿಯನ್ನು ಬೆರಳಷ್ಟು ತೆರೆದ ಮಾತ್ರಕ್ಕೆ ಅಪಾಯ ಕಳೆಯದು.

2. ಬೆಂಕಿ ಬೇಕೇ ಬೇಕೆಂದರೆ ಹೊಗೆಯನ್ನು ಹೊರಗೆ ಸಾಗಿಸುವ ಕೊಳವೆಯುಳ್ಳ ಬುಖಾರಿ ಒಲೆಯಿರಲಿ. ಕೊಳವೆ ಕಟ್ಟಿಲ್ಲವೆಂದು ನೋಡಿಕೊಳ್ಳಬೇಕು. ಹೊಸಗಾಳಿ ಬರುವ ದಾರಿಯೂ ಇರಬೇಕು. ಫ್ರೆಂಚ್ ಕಾದಂಬರಿಕಾರ ಎಮಿಲ್ ಜೋಲಾ 1902ರಲ್ಲಿ ತೀರಿಕೊಂಡದ್ದು ಮಲಗುವ ಕೋಣೆಯ ಹೊಗೆಗೂಡು ಕಟ್ಟಿದ್ದರಿಂದಲೇ.

3. ಜನರೇಟರು ಮನೆಯ ಹೊರಗೆ, ಕಿಟಕಿಗಳಿಂದ ದೂರದಲ್ಲಿರಲಿ.

4. ಕೋಣೆಯನ್ನಲ್ಲ, ಮೈಯನ್ನು ಬೆಚ್ಚಗಿಡಿ. ಒಣ ಕಾಲುಚೀಲ, ಉಣ್ಣೆಯ ಟೋಪಿ, ದಪ್ಪ ರಜಾಯಿ, ಬಿಸಿನೀರಿನ ಚೀಲ, ಬಿಸಿ ಊಟ—ಇಷ್ಟಿದ್ದರೆ ರಾತ್ರಿ ಕಳೆಯುತ್ತದೆ. ಮದ್ಯಪಾನ ಬೆಚ್ಚಗಾದಂತೆ ಭ್ರಮೆ ಹುಟ್ಟಿಸಿ ಮೈಯ ಶಾಖವನ್ನು ಕಳೆಯುತ್ತದೆ.

5. ಈ ಅನಿಲವನ್ನು ಗುರುತಿಸಿ ಕೂಗುವ, ಬ್ಯಾಟರಿಯಿಂದ ನಡೆಯುವ ಪುಟ್ಟ ಉಪಕರಣ ದೊರೆಯುತ್ತದೆ. ಪ್ರವಾಸದ ಪೆಟ್ಟಿಗೆಯಲ್ಲಿ ಅದಕ್ಕೂ ಸ್ಥಳವಿರಲಿ.

ಒಂದೇ ಕೋಣೆಯ ಹಲವರಿಗೆ ಏಕಕಾಲಕ್ಕೆ ತಲೆನೋವು ಬಂದರೆ ಎತ್ತರದ ಬೇನೆಯೆಂದು ಸುಮ್ಮನಿರಬೇಡಿ. ಬಾಗಿಲು ತೆರೆದು ಮೊದಲು ಎಲ್ಲರೂ ಹೊರಬನ್ನಿ. ಎಚ್ಚರ ತಪ್ಪಿದವರನ್ನು ಹೊರಗೆಳೆದು ತಡಮಾಡದೆ ಆಸ್ಪತ್ರೆಗೆ ಸಾಗಿಸಿ; ಅಲ್ಲಿ ಕೊಡುವ ಶುದ್ಧ ಆಮ್ಲಜನಕವೇ ಮುಖ್ಯ ಚಿಕಿತ್ಸೆ. ಕೋಣೆಯಲ್ಲಿ ಬೆಂಕಿಯಿತ್ತೆಂದು ವೈದ್ಯರಿಗೆ ತಪ್ಪದೆ ತಿಳಿಸಿ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರು ಈ ವಿಷವನ್ನು ಗುರುತಿಸದೆ, ಎಲ್ಲವೂ ಸರಿಯಾಗಿದೆಯೆಂದೇ ತೋರಿಸಬಹುದು.

ಈಗಲೂ ನಾವು ಪ್ರತಿ ಚಳಿಗಾಲ ಬೆಟ್ಟಕ್ಕೆ ಹೋಗುತ್ತೇವೆ. ಸಂಜೆ ಎಲ್ಲರೂ ಹೊರಗೆ ಅಂಗಳದಲ್ಲಿ ಬೆಂಕಿಯ ಸುತ್ತ ಕುಳಿತು ಮಾತನಾಡುತ್ತೇವೆ. ಮಲಗುವ ಹೊತ್ತಿಗೆ ಬೆಂಕಿ ಅಂಗಳದಲ್ಲಿ, ನಾವು ರಜಾಯಿಯಲ್ಲಿ. ತಾವೂ ಹೀಗೆಯೇ ಮಾಡಿ, ಕ್ಷೇಮವಾಗಿ ಮರಳಿ ಬನ್ನಿರೆಂದು ನನ್ನ ಬಿನ್ನಹ.