ಅಣುಗಳ ಆಕೃತಿಗೊಂದು ಭಂಡಾರ

ನಮ್ಮ ನೆತ್ತರಿಗೆ ಕೆಂಪು ಬಣ್ಣವನ್ನೀಯುವ ಹಿಮೋಗ್ಲೋಬಿನ್ ಒಂದು ಸಸಾರಜನಕ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿ ಪ್ರಕೃತಿಯು ಸಸಾರಜನಕಗಳನ್ನು ನಿರ್ಮಿಸುತ್ತದೆ. ಆದರೆ ಆ ಸರವು ಮಡಿಚಿಕೊಂಡು ತನ್ನದೇ ಆದ ಆಕೃತಿಯನ್ನು ತಾಳಿದ ಮೇಲೆಯೇ, ಬಹುಮಟ್ಟಿಗೆ, ಅದರ ಕೆಲಸಕ್ಕೆ ಆರಂಭ.

ಇಂಥ ಆಕೃತಿಯೊಂದನ್ನು ಮೊಟ್ಟಮೊದಲು ಕಂಡವರು ಕೇಂಬ್ರಿಜ್‌ನ ಜಾನ್ ಕೆಂಡ್ರೂ. ತಿಮಿಂಗಿಲದ ಸ್ನಾಯುವಿನಿಂದ ತೆಗೆದ ಮಯೋಗ್ಲೋಬಿನ್ನಿನ ಹರಳುಗಳ ಮೇಲೆ ಕ್ಷಕಿರಣಗಳನ್ನು ಹಾಯಿಸಿ 1958ರಲ್ಲಿ ಅವರು ಅದರ ಸ್ಥೂಲರೂಪವನ್ನು ಪ್ರಕಟಿಸಿದರು. ಅಂದವಾದ ಸಮರೂಪವನ್ನು ನಿರೀಕ್ಷಿಸಿದ್ದವರಿಗೆ ಕಂಡದ್ದು ಕರುಳಿನಂತೆ ಸುತ್ತಿಕೊಂಡ ಗಂಟು! ಅವರ ಸಹೋದ್ಯೋಗಿ ಮ್ಯಾಕ್ಸ್ ಪೆರುಟ್ಜ್ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೆನ್ನು ಹತ್ತಿದ ಹಿಮೋಗ್ಲೋಬಿನ್ನಿನಲ್ಲಿ ಇನ್ನೊಂದು ವಿಸ್ಮಯ ಕಾದಿತ್ತು. ಅದರ ನಾಲ್ಕು ಸರಗಳಲ್ಲಿ ಪ್ರತಿಯೊಂದೂ ಮಯೋಗ್ಲೋಬಿನ್ನಿನಂತೆಯೇ ಮಡಿಚಿಕೊಂಡಿತ್ತು. ಮಣಿಗಳು ಬಹುಪಾಲು ಬೇರೆ. ಮಾಟ ಮಾತ್ರ ಒಂದೇ. 1962ರ ನೊಬೆಲ್ ಬಹುಮಾನ ಇಬ್ಬರಿಗೂ ಸಂದಿತು.

ಹೋಲಿಸಿ ನೋಡಿದರಲ್ಲವೆ ಇಂಥ ನಂಟು ತಿಳಿಯುವುದು? 1971ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಕೇವಲ ಏಳು ಆಕೃತಿಗಳೊಡನೆ ಪ್ರೋಟೀನ್ ಭಂಡಾರವೊಂದು ತೆರೆಯಿತು. 2023ರಲ್ಲಿ ಆ ಸಂಖ್ಯೆ 2 ಲಕ್ಷವನ್ನು ದಾಟಿತು. ಯಾರು ಬೇಕಾದರೂ ಬಿಡಿಕಾಸಿಲ್ಲದೆ ಅದನ್ನು ಶೋಧಿಸಬಹುದು. ಮಣಿಗಳ ಅನುಕ್ರಮವನ್ನು ಹೋಲಿಸುವುದು ಒಂದು ದಾರಿ. ಮಣಿಮಣಿಗಳ ನಡುವಣ ದೂರವನ್ನು ಅಳೆದು ಆಕೃತಿಯನ್ನೇ ಹೋಲಿಸುವುದು ಮತ್ತೊಂದು. 1993ರಲ್ಲಿ ಲೀಸಾ ಹೋಮ್ ಮತ್ತು ಕ್ರಿಸ್ ಸ್ಯಾಂಡರ್ ರೂಪಿಸಿದ ‘ಡಾಲಿ’ ಇದನ್ನೇ ಮಾಡುತ್ತದೆ.

ಆದರೆ ಭಂಡಾರದಲ್ಲಿರುವ ನಾಣ್ಯವೇ ಖೋಟಾ ಆಗಿದ್ದರೆ? 2001ರಲ್ಲಿ ಬ್ಯಾಕ್ಟೀರಿಯಾದ ಪೊರೆಯಲ್ಲಿನ ಒಂದು ಸಸಾರಜನಕದ ಆಕೃತಿ ಪ್ರಕಟವಾಯಿತು. 2006ರಲ್ಲಿ ಜ್ಯೂರಿಕ್‌ನ ತಂಡವೊಂದು ಅದರ ಬಂಧುವಿನ ಆಕೃತಿಯನ್ನು ಕಂಡಾಗ ಎರಡಕ್ಕೂ ತಾಳೆಯಾಗಲಿಲ್ಲ. ಮೊದಲ ತಂಡವು ತಾನೇ ಬಳಸುತ್ತಿದ್ದ ಗಣಕಕ್ರಮವೊಂದು ಧನ–ಋಣ ಚಿಹ್ನೆಯನ್ನು ತಿರುವುಮುರುವು ಮಾಡಿತ್ತು! ಐದು ಪ್ರಬಂಧಗಳನ್ನು ಹಿಂತೆಗೆದುಕೊಳ್ಳಬೇಕಾಯಿತು.

ಆದುದರಿಂದಲೇ ಭಂಡಾರಕ್ಕೆ ಒರೆಗಲ್ಲುಗಳೂ ಬೇಕು. ಅವುಗಳಲ್ಲಿ ಹೆಸರಾದದ್ದು ಜಿ. ಎನ್. ರಾಮಚಂದ್ರನ್ನರ ನಕ್ಷೆ. ಸರವು ಯಾವ ಕೋನಗಳಲ್ಲಿ ತಿರುಗಬಲ್ಲುದು, ಎಲ್ಲಿ ಪರಮಾಣುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುವುವು ಎಂಬುದನ್ನು ಅವರು ರಾಮಕೃಷ್ಣನ್ ಮತ್ತು ಶಶಿಶೇಖರನ್‌ರೊಡನೆ ಮದರಾಸಿನಲ್ಲಿ ಲೆಕ್ಕ ಹಾಕಿ 1963ರಲ್ಲಿ ಪ್ರಕಟಿಸಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದವರೂ ಅವರೇ. ಭಂಡಾರಕ್ಕೆ ಬರುವ ಸಸಾರಜನಕಗಳನ್ನು ಇಂದಿಗೂ ಆ ನಕ್ಷೆಗೆ ಹಚ್ಚಿ ನೋಡುತ್ತಾರೆ.

ಅದೇ ಭಂಡಾರದಿಂದ ಪಾಠ ಕಲಿತ ‘ಆಲ್ಫಾಫೋಲ್ಡ್’ 2022ರ ವೇಳೆಗೆ 20 ಕೋಟಿ ಆಕೃತಿಗಳನ್ನು ಊಹಿಸಿತು. ಊಹೆ ಊಹೆಯೇ, ಅದನ್ನು ಆ ಯಂತ್ರವೂ ಮುಚ್ಚಿಡುವುದಿಲ್ಲ. ತನಗೆ ಭರವಸೆಯುಳ್ಳ ಭಾಗಗಳಿಗೆ ಕಡುನೀಲಿ, ಭರವಸೆಯಿಲ್ಲದ ಭಾಗಗಳಿಗೆ ಕಿತ್ತಳೆಯ ಬಣ್ಣವನ್ನು ಬಳಿದೇ ಚಿತ್ರವನ್ನು ಮುಂದಿಡುತ್ತದೆ.