ಲಿಂಗತ್ವ ಹುಟ್ಟಿದ್ದು ಆಸ್ಪತ್ರೆಯಲ್ಲಿ

ಹೆಣ್ತನ, ಗಂಡಸ್ತನಗಳು ಮೈಯೊಂದಿಗೆ ಹುಟ್ಟಿ ಬರುವುದಿಲ್ಲ, ಸಮಾಜ ಅವನ್ನು ಕಲಿಸಿ ಬೆಳೆಸುತ್ತದೆ ಎಂಬ ವಿಚಾರ ಇವತ್ತು ಕಾಲೇಜು ಪಠ್ಯದಲ್ಲಿದೆ, ಮಹಿಳಾ ಸಂಘಟನೆಗಳ ಕರಪತ್ರದಲ್ಲಿದೆ, ನ್ಯಾಯಾಲಯಗಳ ತೀರ್ಪಿನಲ್ಲೂ ಇದೆ. ಇದು ಸ್ತ್ರೀವಾದಿಗಳು ಜಗತ್ತಿಗೆ ಕೊಟ್ಟ ತಿಳಿವಳಿಕೆ ಎಂದೇ ನಾವು ಹೇಳುತ್ತೇವೆ. ಬಹುಮಟ್ಟಿಗೆ ಅದು ನಿಜ. ಆದರೆ ಈ ವಿಚಾರಕ್ಕೆ ‘ಜೆಂಡರ್’ ಎಂಬ ಹೆಸರೂ ವಿಜ್ಞಾನದ ಮೊಹರೂ ಸಿಕ್ಕಿದ್ದು ಯಾವ ಮಹಿಳಾ ಸಮಾವೇಶದಲ್ಲೂ ಅಲ್ಲ. ಅದು ಸಿಕ್ಕಿದ್ದು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ. ಅಲ್ಲಿ ವೈದ್ಯರ ಮುಂದಿದ್ದವರು ಮಾತು ಬಾರದ ಹಸುಗೂಸುಗಳು. ಆ ಕೂಸುಗಳ ಕಥೆಯನ್ನು ಬಿಟ್ಟು ಲಿಂಗತ್ವದ ಸಿದ್ಧಾಂತವನ್ನು ಹೇಳುವುದು ಅನ್ಯಾಯ ಎಂದು ನಾನು ನಂಬಿದ್ದೇನೆ.

ಆಸ್ಪತ್ರೆಗಿಂತ ಮೊದಲೂ ಈ ದಾರಿಯಲ್ಲಿ ನಡೆದವರಿದ್ದರು. ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ನ್ಯೂಗಿನಿಯ ಅರಾಪೆಶ್, ಮುಂಡುಗುಮೊರ್, ಚಂಬುಲಿ ಎಂಬ ಮೂರು ಸಮುದಾಯಗಳ ನಡುವೆ ಇದ್ದು ಬಂದು 1935ರಲ್ಲಿ ಒಂದು ಪುಸ್ತಕ ಬರೆದರು. ಒಂದು ಕಡೆ ಗಂಡಸರೂ ಹೆಂಗಸರೂ ಸೌಮ್ಯರು, ಇನ್ನೊಂದು ಕಡೆ ಇಬ್ಬರೂ ಉಗ್ರರು, ಮೂರನೆಯದರಲ್ಲಿ ವ್ಯವಹಾರ ನಡೆಸುವವರು ಹೆಂಗಸರು, ಸಿಂಗಾರ ಮಾಡಿಕೊಳ್ಳುವವರು ಗಂಡಸರು ಎಂದು ಅವರು ದಾಖಲಿಸಿದರು. ಅವರ ಕ್ಷೇತ್ರಕಾರ್ಯದ ಬಗ್ಗೆ ಮುಂದೆ ತಕರಾರುಗಳು ಬಂದವು. ಆದರೂ ಅವರು ಎತ್ತಿದ ಪ್ರಶ್ನೆ ಉಳಿಯಿತು. 1949ರಲ್ಲಿ ಪ್ಯಾರಿಸ್‌ನಲ್ಲಿ ಸಿಮೋನ್ ದ ಬೋವಾ ಅವರ ‘ದಿ ಸೆಕೆಂಡ್ ಸೆಕ್ಸ್’ ಎರಡು ಸಂಪುಟಗಳಲ್ಲಿ ಹೊರಬಂತು. ಕೂಸೊಂದು ಹೆಂಗಸಾಗುವುದು ಪ್ರಕೃತಿಯ ತೀರ್ಮಾನವಲ್ಲ, ಮನೆ, ಶಾಲೆ, ಮದುವೆ, ಧರ್ಮ, ಪುರಾಣಗಳು ಸೇರಿ ನಡೆಸುವ ದೀರ್ಘ ತರಬೇತಿ ಎಂದು ಅದು ಸಾವಿರ ಪುಟಗಳಲ್ಲಿ ವಾದಿಸಿತು. ವ್ಯಾಟಿಕನ್ ಅದನ್ನು ನಿಷಿದ್ಧ ಪುಸ್ತಕಗಳ ಪಟ್ಟಿಗೆ ಸೇರಿಸಿತು. ಈ ಕೃತಿಯನ್ನು ಕನ್ನಡಕ್ಕೆ ತಂದವರು ಎಚ್.ಎಸ್. ಶ್ರೀಮತಿ. ಬೋವಾ ಬಳಿ ಇಡೀ ವಿಚಾರವಿತ್ತು; ‘ಜೆಂಡರ್’ ಎಂಬ ಪರಿಕಲ್ಪನೆ ಮಾತ್ರ ಇನ್ನೂ ಹುಟ್ಟಿರಲಿಲ್ಲ.

ಅದನ್ನು ಹುಟ್ಟುಹಾಕಿದವರು ಜಾನ್ ಮನಿ. ನ್ಯೂಜಿಲೆಂಡಿನಿಂದ ಬಂದು ಹಾರ್ವರ್ಡ್‌ನಲ್ಲಿ ಓದಿದ ಮನಶ್ಶಾಸ್ತ್ರಜ್ಞ. ಹೆಣ್ಣೋ ಗಂಡೋ ಎಂದು ಮೈ ನೋಡಿ ಒಮ್ಮೆಗೇ ಹೇಳಲಾಗದ ಸ್ಥಿತಿಯಲ್ಲಿ ಹುಟ್ಟಿದವರ ಬಗ್ಗೆ, ನಾವು ಇಂದು ಅಂತರ್‌ಲಿಂಗಿ ಎನ್ನುವವರ ಬಗ್ಗೆ, ಅವರು 1952ರಲ್ಲಿ ಪಿಎಚ್.ಡಿ. ಪ್ರಬಂಧ ಸಲ್ಲಿಸಿದರು. ಅದಕ್ಕಾಗಿ ವೈದ್ಯಕೀಯ ದಾಖಲೆಗಳಿಂದ 250ಕ್ಕೂ ಹೆಚ್ಚು ಜನರ ವಿವರ ಕಲೆಹಾಕಿದ್ದರು. ಯಾವ ಶಸ್ತ್ರಚಿಕಿತ್ಸೆಯೂ ಇಲ್ಲದೆ ಬೆಳೆದ ಇವರಲ್ಲಿ ಹೆಚ್ಚಿನವರು ಮಾನಸಿಕವಾಗಿ ಆರೋಗ್ಯವಾಗಿಯೇ ಬದುಕಿದ್ದರು ಎಂಬುದು ಅವರಿಗೆ ಸಿಕ್ಕ ಉತ್ತರ. ಈ ಉತ್ತರವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಏಕೆಂದರೆ ಮುಂದಿನ ಐವತ್ತು ವರ್ಷ ಆಸ್ಪತ್ರೆಗಳು ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡವು.

ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮಕ್ಕಳ ಹಾರ್ಮೋನ್ ಚಿಕಿತ್ಸೆಯ ವಿಭಾಗವನ್ನು ಕಟ್ಟಿದ್ದ ಲಾಸನ್ ವಿಲ್ಕಿನ್ಸ್, ಮನಿಯನ್ನು ಅಲ್ಲಿಗೆ ಕರೆಸಿಕೊಂಡರು. ಅಲ್ಲಿಗೆ ಬರುತ್ತಿದ್ದ ಮಕ್ಕಳಲ್ಲಿ ಒಂದೇ ರೋಗನಿದಾನದ ಇಬ್ಬರು ಒಂದು ಮನೆಯಲ್ಲಿ ಗಂಡಾಗಿ, ಇನ್ನೊಂದು ಮನೆಯಲ್ಲಿ ಹೆಣ್ಣಾಗಿ ಬೆಳೆದದ್ದುಂಟು. ಮನೆಯವರು ಹೇಗೆ ಬೆಳೆಸಿದರೋ ಹಾಗೆಯೇ ಮಗು ತನ್ನನ್ನು ತಾನು ಕಂಡುಕೊಳ್ಳುತ್ತದೆ, ವರ್ಣತಂತುವಾಗಲಿ ಹಾರ್ಮೋನ್ ಆಗಲಿ ಅದನ್ನು ನಿರ್ಧರಿಸುವುದಿಲ್ಲ ಎಂದು ಮನಿ ಮತ್ತು ಅವರ ಸಹೋದ್ಯೋಗಿಗಳಾದ ಹ್ಯಾಂಪ್ಸನ್ ದಂಪತಿ 1955ರ ಸರಣಿ ಲೇಖನಗಳಲ್ಲಿ ಬರೆದರು. ಅದುವರೆಗೆ ಮುಖ್ಯವಾಗಿ ವ್ಯಾಕರಣದಲ್ಲಿ ಬಳಕೆಯಲ್ಲಿದ್ದ ‘ಜೆಂಡರ್’ ಅನ್ನು ಮನಿ ಮನುಷ್ಯರಿಗೆ ಅನ್ವಯಿಸಿದ್ದು ಆಗಲೇ. ಮೈಯ ಲಿಂಗ ಒಂದು, ಬದುಕಿನಲ್ಲಿ ನಾವು ನಿರ್ವಹಿಸುವ ಲಿಂಗಪಾತ್ರ ಇನ್ನೊಂದು. ಲಾಸ್ ಏಂಜಲಿಸ್‌ನ ಮನೋವಿಶ್ಲೇಷಕ ರಾಬರ್ಟ್ ಸ್ಟಾಲರ್ 1968ರಲ್ಲಿ ‘ಸೆಕ್ಸ್ ಅಂಡ್ ಜೆಂಡರ್’ ಎಂಬ ಹೆಸರಿನ ಪುಸ್ತಕವನ್ನೇ ಬರೆದು ಈ ವ್ಯತ್ಯಾಸವನ್ನು ಗಟ್ಟಿ ಮಾಡಿದರು.

ಇಲ್ಲಿಂದಲೇ ಎರಡು ದಾರಿ ಕವಲೊಡೆದವು.

ಒಂದು ದಾರಿ ಸ್ತ್ರೀವಾದಿಗಳದು. ಕೇಟ್ ಮಿಲೆಟ್ 1970ರ ‘ಸೆಕ್ಷುಯಲ್ ಪಾಲಿಟಿಕ್ಸ್’ನಲ್ಲಿ ಸ್ಟಾಲರ್ ಮತ್ತು ಮನಿ ಇಬ್ಬರನ್ನೂ ಆಧಾರವಾಗಿ ಬಳಸಿದರು. ಇಂಗ್ಲೆಂಡಿನ ಆನ್ ಓಕ್ಲಿ ಲಂಡನ್ನಿನ ಗೃಹಿಣಿಯರ ಮನೆಗೆಲಸದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಸಮಾಜಶಾಸ್ತ್ರಜ್ಞೆ. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು ಹೆಣ್ಣಿನ ಸ್ವಭಾವ ಎನ್ನುವ ಮಾತನ್ನು ಅವರು ದಿನವೂ ಎದುರಿಸಬೇಕಿತ್ತು. 1972ರಲ್ಲಿ ಬಂದ ಅವರ ‘ಸೆಕ್ಸ್, ಜೆಂಡರ್ ಅಂಡ್ ಸೊಸೈಟಿ’ ಕ್ಲಿನಿಕ್ಕಿನ ಈ ಪರಿಭಾಷೆಯನ್ನು ಸಮಾಜಶಾಸ್ತ್ರಕ್ಕೆ ತಂದು ನಿಲ್ಲಿಸಿತು. 1975ರಲ್ಲಿ ಗೇಲ್ ರೂಬಿನ್, ಮದುವೆಯ ಮೂಲಕ ಹೆಣ್ಣನ್ನು ಕೊಟ್ಟು ತರುವ ಬಂಧುತ್ವದ ವ್ಯವಸ್ಥೆಯೇ ಹೆಣ್ಣುಗಂಡುಗಳನ್ನು ತಯಾರಿಸುತ್ತದೆ ಎಂದು ತೋರಿಸಿದರು. ಲಿಂಗತ್ವವನ್ನು ಸಮಾಜ ಕಟ್ಟಿದ್ದರೆ, ಕಟ್ಟಿದವರನ್ನು ಪ್ರಶ್ನಿಸಬಹುದು, ಕಟ್ಟಡವನ್ನು ಬದಲಿಸಬಹುದು. ಇವರೆಲ್ಲರಿಗೂ ಬೇಕಾಗಿದ್ದ ಸ್ವಾತಂತ್ರ್ಯ ಇದೇ.

ಇನ್ನೊಂದು ದಾರಿ ವೈದ್ಯರದು. ಲಿಂಗತ್ವ ಕಲಿಕೆಯಿಂದ ಬರುವುದಾದರೆ, ನಾವೇ ಅದನ್ನು ನಿರ್ಧರಿಸಿ ಕೂಸಿನ ಮೈಯನ್ನು ಅದಕ್ಕೆ ತಕ್ಕಂತೆ ಕೊಯ್ದು ಹೊಂದಿಸಬಹುದು ಎಂದು ಅವರು ಅರ್ಥಮಾಡಿಕೊಂಡರು. ಒಂದೂವರೆ ವರ್ಷದೊಳಗೆ ಎಲ್ಲ ಮುಗಿಯಬೇಕು, ಹೆತ್ತವರು ಸಂಶಯ ತೋರಬಾರದು, ಮಗುವಿಗೆ ಎಂದೂ ನಿಜ ಹೇಳಬಾರದು. ಒಂದೇ ಸಿದ್ಧಾಂತ ಒಬ್ಬರ ಕೈಯಲ್ಲಿ ಬಿಡುಗಡೆಯ ಮಾತಾಯಿತು, ಇನ್ನೊಬ್ಬರ ಕೈಯಲ್ಲಿ ಶಸ್ತ್ರವಾಯಿತು.

ಕೆನಡಾದ ವಿನಿಪೆಗ್ ನಗರದ ರೈಮರ್ ದಂಪತಿಗೆ 1965ರ ಆಗಸ್ಟ್‌ನಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು: ಬ್ರೂಸ್ ಮತ್ತು ಬ್ರಯನ್. ಇವರು ಅಂತರ್‌ಲಿಂಗಿಗಳಲ್ಲ. 1966ರಲ್ಲಿ ಮುಂದೊಗಲು ತೆಗೆಯುವ ಸಣ್ಣ ಶಸ್ತ್ರಕ್ರಿಯೆಯಲ್ಲಿ ವಿದ್ಯುತ್ ಉಪಕರಣದಿಂದ ಬ್ರೂಸ್‌ನ ಶಿಶ್ನ ಸುಟ್ಟುಹೋಯಿತು. ಇಪ್ಪತ್ತರ ಆಸುಪಾಸಿನ ತಂದೆತಾಯಿ ಮಗುವಿನ ಭವಿಷ್ಯ ಕಾಣದೆ ಕಂಗಾಲಾಗಿದ್ದಾಗ ಟೆಲಿವಿಷನ್‌ನಲ್ಲಿ ಜಾನ್ ಮನಿ ಮಾತಾಡುವುದನ್ನು ನೋಡಿದರು. ಪತ್ರ ಬರೆದರು, ಬಾಲ್ಟಿಮೋರ್‌ಗೆ ಹೋದರು. 1967ರ ಜುಲೈನಲ್ಲಿ, ಇನ್ನೂ ಎರಡು ವರ್ಷ ತುಂಬದ ಮಗುವಿನ ವೃಷಣಗಳನ್ನು ತೆಗೆದರು. ಬ್ರೂಸ್ ಬ್ರೆಂಡಾ ಆಯಿತು. ಜೊತೆಗೆ ಹುಟ್ಟಿದ ಬ್ರಯನ್ ಹುಡುಗನಾಗಿ ಬೆಳೆಯುತ್ತಿದ್ದುದರಿಂದ, ಹೋಲಿಸಿ ನೋಡಲು ಮನಿಗೆ ಇದಕ್ಕಿಂತ ಅನುಕೂಲದ ಪ್ರಯೋಗ ಸಿಗುವಂತಿರಲಿಲ್ಲ.

1972ರಲ್ಲಿ ಮನಿ ಮತ್ತು ಆಂಕೆ ಎರ್‌ಹಾರ್ಟ್ ಬರೆದ ಪುಸ್ತಕದಲ್ಲಿ ಈ ಅವಳಿಗಳ ವಿವರ ಹೊರಬಂತು. ಹುಡುಗಿಗೆ ಲಂಗ ಇಷ್ಟ, ಗೊಂಬೆ ಇಷ್ಟ, ಅಚ್ಚುಕಟ್ಟು ಇಷ್ಟ ಎಂದು ಅದರಲ್ಲಿತ್ತು. 1973ರ ಜನವರಿಯಲ್ಲಿ ‘ಟೈಮ್’ ಪತ್ರಿಕೆ ಇದನ್ನು ವರದಿ ಮಾಡಿ, ಮಹಿಳಾ ವಿಮೋಚನೆಯವರ ವಾದಕ್ಕೆ ಬಲ ಬಂತೆಂದು ಬರೆಯಿತು. ಪಠ್ಯಪುಸ್ತಕಗಳು ಅದನ್ನು ಎತ್ತಿಕೊಂಡವು. ಸ್ತ್ರೀವಾದಿ ಲೇಖಕಿಯರಲ್ಲಿ ಹಲವರೂ ಎತ್ತಿಕೊಂಡರು. ಹೆಣ್ಣಾಗುವುದೆಂದರೆ ಲಂಗ ಮತ್ತು ಗೊಂಬೆಯನ್ನು ಇಷ್ಟಪಡುವುದು ಎಂಬ ಸಾಕ್ಷ್ಯವನ್ನು, ಆ ಪಾಠವನ್ನೇ ಪ್ರಶ್ನಿಸಲು ಹೊರಟಿದ್ದ ಚಳವಳಿ ಮರುಮಾತಿಲ್ಲದೆ ಒಪ್ಪಿಕೊಂಡದ್ದು ಅದರ ಇತಿಹಾಸದ ದೊಡ್ಡ ಎಡವಟ್ಟು.

ಮನೆಯಲ್ಲಿ ನಡೆದದ್ದೇ ಬೇರೆ. ಬ್ರೆಂಡಾ ಲಂಗವನ್ನು ಕಿತ್ತೆಸೆಯುತ್ತಿತ್ತು, ತಮ್ಮನ ಆಟಿಕೆ ಕಸಿಯುತ್ತಿತ್ತು, ನಿಂತೇ ಮೂತ್ರ ಮಾಡಲು ಹಟ ಮಾಡುತ್ತಿತ್ತು. ಶಾಲೆಯಲ್ಲಿ ಹುಡುಗಿಯರೂ ಸೇರಿಸಿಕೊಳ್ಳಲಿಲ್ಲ, ಹುಡುಗರೂ ಸೇರಿಸಿಕೊಳ್ಳಲಿಲ್ಲ. ಬಾಲ್ಟಿಮೋರ್‌ನ ತಪಾಸಣೆಗಳು ಮಗುವಿಗೆ ದುಃಸ್ವಪ್ನವಾಗಿದ್ದವು. ಹದಿಮೂರರ ಹೊತ್ತಿಗೆ ಅದು ಅಲ್ಲಿಗೆ ಹೋಗಲೇ ಒಲ್ಲೆ ಎಂದಿತು. 1980ರಲ್ಲಿ ತಂದೆ ನಿಜ ಹೇಳಿದರು. ಹದಿನಾಲ್ಕರ ಆ ಮಗು ತನಗೆ ತಾನೇ ಡೇವಿಡ್ ಎಂದು ಹೆಸರಿಟ್ಟುಕೊಂಡು ಹುಡುಗನಾಗಿ ಬದುಕಲು ಶುರು ಮಾಡಿತು. ಆದರೆ ಪ್ರಯೋಗ ಸೋತಿದೆ ಎಂದು ಮನಿ ಎಲ್ಲೂ ಬರೆಯಲಿಲ್ಲ. ಜಗತ್ತಿನ ಆಸ್ಪತ್ರೆಗಳು ಅದು ಗೆದ್ದಿದೆ ಎಂದೇ ನಂಬಿ ಇನ್ನಷ್ಟು ಕೂಸುಗಳ ಮೇಲೆ ಕತ್ತರಿ ಆಡಿಸಿದವು.

ಮನಿಯ ವಾದವನ್ನು 1965ರಿಂದಲೇ ಪ್ರಶ್ನಿಸುತ್ತಿದ್ದ ಮಿಲ್ಟನ್ ಡೈಮಂಡ್ ಎಂಬ ವಿಜ್ಞಾನಿ, ಡೇವಿಡ್‌ನನ್ನು ವಿನಿಪೆಗ್‌ನಲ್ಲಿ ನೋಡಿಕೊಂಡಿದ್ದ ಮನೋವೈದ್ಯ ಕೀತ್ ಸಿಗ್ಮಂಡ್‌ಸನ್ ಜೊತೆ ಸೇರಿ 1997ರಲ್ಲಿ ಸತ್ಯವನ್ನು ಪ್ರಕಟಿಸಿದರು. 2000ದಲ್ಲಿ ಪತ್ರಕರ್ತ ಜಾನ್ ಕೊಲಪಿಂಟೊ ಬರೆದ ಪುಸ್ತಕದ ಮೂಲಕ ಡೇವಿಡ್ ತನ್ನ ನಿಜ ಹೆಸರಿನಲ್ಲೇ ಲೋಕದ ಮುಂದೆ ಬಂದ. ಬೇರೆ ಮಕ್ಕಳಿಗೆ ಹೀಗಾಗದಿರಲಿ ಎಂಬುದೇ ಅವನ ಕಾರಣ. 2002ರಲ್ಲಿ ಬ್ರಯನ್ ತೀರಿಕೊಂಡ. 2004ರ ಮೇ ತಿಂಗಳಲ್ಲಿ, 38ನೆಯ ವಯಸ್ಸಿನಲ್ಲಿ, ಡೇವಿಡ್ ತನ್ನ ಜೀವ ತಾನೇ ತೆಗೆದುಕೊಂಡ.

ಇದಾದ ಮೇಲೆ ‘ನೋಡಿ, ಲಿಂಗತ್ವವೆಲ್ಲ ಹುಟ್ಟಿನಲ್ಲೇ ಬರೆದಿರುತ್ತದೆ, ಸ್ತ್ರೀವಾದಿಗಳ ಮಾತು ಸುಳ್ಳು’ ಎಂದು ಸಾರಿದವರು ಬಹಳ. ಆ ತೀರ್ಮಾನವೂ ಅವಸರದ್ದು. 1998ರಲ್ಲಿ ಕೆನಡಾದ್ದೇ ಇನ್ನೊಂದು ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ಬಂತು: ಅಂಥದೇ ಅವಘಡ, ಅಂಥದೇ ನಿರ್ಧಾರ, ಏಳು ತಿಂಗಳಿನಿಂದ ಹೆಣ್ಣಾಗಿ ಬೆಳೆದ ಆ ವ್ಯಕ್ತಿ ದೊಡ್ಡವಳಾದ ಮೇಲೂ ತನ್ನನ್ನು ಹೆಣ್ಣೆಂದೇ ಗುರುತಿಸಿಕೊಂಡಳು. ಒಂದು ಮಗುವಿನ ದುರಂತವನ್ನು ಪ್ರಕೃತಿಯ ಪರವೋ ಸಮಾಜದ ಪರವೋ ಸಾಕ್ಷಿಗೆ ಕರೆಯುವವರೆಲ್ಲ ಆ ಮಗುವನ್ನು ಮತ್ತೆ ಪ್ರಯೋಗದ ಮೇಜಿನ ಮೇಲೇ ಮಲಗಿಸುತ್ತಾರೆ. 1990ರಲ್ಲಿ ‘ಜೆಂಡರ್ ಟ್ರಬಲ್’ ಬರೆದ ಜುಡಿತ್ ಬಟ್ಲರ್, ಮುಂದೆ ಡೇವಿಡ್ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನೇ ಗಮನಿಸಿದರು. ಹೇಗೆ ಆಡುತ್ತದೆ, ಹೇಗೆ ಕೂರುತ್ತದೆ, ಯಾರನ್ನು ಬಯಸುತ್ತದೆ ಎಂದು ಒಂದು ಮಗುವನ್ನು ಹಗಲಿರುಳು ಪರೀಕ್ಷಿಸಿದ ಆ ಕಣ್ಣುಗಳೇ ಲಿಂಗತ್ವದ ಕಟ್ಟುಪಾಡು. ಸಮಾಜ ಲಿಂಗತ್ವವನ್ನು ಕಟ್ಟುತ್ತದೆ ಎಂಬುದಕ್ಕೆ ಬಾಲ್ಟಿಮೋರ್‌ನ ಆ ಕೊಠಡಿಗಿಂತ ದೊಡ್ಡ ಪುರಾವೆ ಬೇಡ.

ಇದನ್ನು ಮೊದಲು ಹತ್ತಿರದಿಂದ ಕಂಡವರು ಸುಜಾನ್ ಕೆಸ್ಲರ್. ಅಂತರ್‌ಲಿಂಗಿ ಮಕ್ಕಳಿಗೆ ಚಿಕಿತ್ಸೆ ನೀಡುವ ತಜ್ಞರನ್ನು ಸಂದರ್ಶಿಸಿ ಅವರು 1990ರಲ್ಲಿ ಬರೆದ ಲೇಖನ ಇವತ್ತಿಗೂ ಓದಬೇಕಾದದ್ದು. ಮಗುವಿನ ‘ನಿಜವಾದ’ ಲಿಂಗವನ್ನು ಕಂಡುಹಿಡಿದೆವು ಎಂದು ವೈದ್ಯರು ಹೆತ್ತವರಿಗೆ ಹೇಳುತ್ತಿದ್ದರು. ವಾಸ್ತವದಲ್ಲಿ ಅವರು ಅದನ್ನು ಅಳತೆಪಟ್ಟಿ ಹಿಡಿದು ತೀರ್ಮಾನಿಸುತ್ತಿದ್ದರು. ಹುಟ್ಟಿದಾಗ 2.5 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಶಿಶ್ನ ಎನ್ನಲು ಸಾಲದು, ಸುಮಾರು ಒಂದು ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ಚಂದ್ರನಾಡಿ ಎನ್ನಲು ಹೆಚ್ಚಾಯಿತು. ಮುಂದೆ ಆ ವ್ಯಕ್ತಿಗೆ ಸುಖ ಉಳಿಯುತ್ತದೆಯೇ ಎಂಬ ಪ್ರಶ್ನೆ ಲೆಕ್ಕಕ್ಕೇ ಇರಲಿಲ್ಲ. ಮೂರು ವರ್ಷಗಳ ಬಳಿಕ ಜೀವವಿಜ್ಞಾನಿ ಆನ್ ಫಾಸ್ಟೊ-ಸ್ಟರ್ಲಿಂಗ್ ‘ದಿ ಸೈನ್ಸಸ್’ ಪತ್ರಿಕೆಯಲ್ಲಿ, ಮನುಷ್ಯರಲ್ಲಿ ಎರಡೇ ಲಿಂಗ ಎನ್ನುವುದೂ ನಮ್ಮ ಹಟವೇ ಎಂದು ಬರೆದರು. ಅದಕ್ಕೆ ಓದುಗರ ಪತ್ರವೊಂದು ಬಂತು. ಬರೆದವರು ಶೆರಿಲ್ ಚೇಸ್. ಹುಟ್ಟಿದಾಗ ಹುಡುಗ ಎನಿಸಿಕೊಂಡು, ಒಂದೂವರೆ ವರ್ಷಕ್ಕೆ ಹುಡುಗಿ ಎಂದು ತೀರ್ಮಾನವಾಗಿ, ಚಂದ್ರನಾಡಿಯನ್ನು ಕತ್ತರಿಸಿಕೊಂಡವರು. ಉತ್ತರ ಅಮೆರಿಕದ ಅಂತರ್‌ಲಿಂಗಿಗಳ ಸಂಘಟನೆ ಆ ಪತ್ರದಲ್ಲೇ ಘೋಷಣೆಯಾಯಿತು. ಅಲ್ಲಿಯವರೆಗೆ ಎಲ್ಲರ ಸಿದ್ಧಾಂತಕ್ಕೂ ವಸ್ತುವಾಗಿದ್ದವರು ಅಂದು ತಾವೇ ಮಾತಾಡಿದರು. ಸ್ತ್ರೀವಾದಿ ಸಿದ್ಧಾಂತ ತನ್ನ ದಾರಿ ತಿದ್ದಿಕೊಂಡದ್ದು ಇವರ ಮಾತು ಕೇಳಿಯೇ.

2015ರಲ್ಲಿ ಮಾಲ್ಟಾ ದೇಶ ಒಪ್ಪಿಗೆಯಿಲ್ಲದ ಇಂಥ ಶಸ್ತ್ರಚಿಕಿತ್ಸೆಗಳನ್ನು ಕಾನೂನಿನಿಂದ ನಿಷೇಧಿಸಿತು. ಭಾರತದಲ್ಲಿ, ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವುದು ವ್ಯಕ್ತಿಯ ಹಕ್ಕು, ಅದಕ್ಕೆ ಶಸ್ತ್ರಚಿಕಿತ್ಸೆಯ ಷರತ್ತು ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ಹೇಳಿತು. 2019ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್, ತೂತ್ತುಕುಡಿಯ ಜೋಡಿಯೊಂದರ ಮದುವೆ ನೋಂದಣಿಯ ಪ್ರಕರಣದಲ್ಲಿ ತೀರ್ಪು ಕೊಡುತ್ತಾ, ಅಂತರ್‌ಲಿಂಗಿ ಶಿಶುಗಳ ಮೇಲಿನ ಶಸ್ತ್ರಚಿಕಿತ್ಸೆಯನ್ನು ನಿಲ್ಲಿಸಬೇಕೆಂದು ಸರ್ಕಾರಕ್ಕೆ ನಿರ್ದೇಶಿಸಿದರು. ಅದೇ ಆಗಸ್ಟ್‌ನಲ್ಲಿ ತಮಿಳುನಾಡು ಸರ್ಕಾರ ನಿಷೇಧದ ಆದೇಶ ಹೊರಡಿಸಿತು. ಜೀವಕ್ಕೆ ಅಪಾಯವಿದ್ದರೆ ಮಾತ್ರ ವಿನಾಯಿತಿ. 2023ರಲ್ಲಿ ಏಳು ವರ್ಷದ ಮಗುವಿಗೆ ಇಂಥ ಶಸ್ತ್ರಚಿಕಿತ್ಸೆ ಮಾಡಿಸಲು ಹೆತ್ತವರು ಅನುಮತಿ ಕೇಳಿದಾಗ ಕೇರಳ ಹೈಕೋರ್ಟ್ ಅದನ್ನು ಕೊಡಲಿಲ್ಲ.

ಕರ್ನಾಟಕ 2021ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ 1ರಷ್ಟು ಮೀಸಲಾತಿ ಕೊಟ್ಟ ಮೊದಲ ರಾಜ್ಯ. ಅಂಥ ರಾಜ್ಯ, ಹುಟ್ಟಿದ ಕೂಸುಗಳ ವಿಷಯದಲ್ಲೂ ನೆರೆಯ ತಮಿಳುನಾಡಿನ ದಾರಿ ಹಿಡಿಯಬೇಕು. ಹೆತ್ತವರಲ್ಲಿ ನನ್ನದೊಂದು ಪ್ರಾರ್ಥನೆ. ನಿಮ್ಮ ಮಗು ಹೆಣ್ಣೋ ಗಂಡೋ ಎಂದು ಹೆರಿಗೆ ಕೋಣೆಯಲ್ಲಿ ಹೇಳಲಾಗದಿದ್ದರೆ ಹಾರ್ಮೋನ್ ತಜ್ಞರಿಗೆ ತಡಮಾಡದೆ ತೋರಿಸಿ. ಅಡ್ರಿನಲ್ ಗ್ರಂಥಿಯ ತೊಂದರೆಯಿದ್ದರೆ ಮೊದಲ ವಾರಗಳಲ್ಲೇ ಔಷಧಿ ಬೇಕಾಗುತ್ತದೆ, ತಡವಾದರೆ ಜೀವಕ್ಕೇ ಕುತ್ತು. ಆದರೆ ನೋಟ ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಯಾರಾದರೂ ಸಹಿ ಕೇಳಿದರೆ, ಇದು ಜೀವ ಉಳಿಸಲು ಬೇಕೇ ಎಂದು ಕೇಳಿ. ಬೇಡ ಎಂದಾದರೆ ಸಹಿ ಹಾಕಬೇಡಿ. ಮಗು ದೊಡ್ಡದಾಗಲಿ, ಅದೇ ಹೇಳಲಿ.